ಐದು ದಿನಗಳ ಕಾಂತ ಚಿಕಿತ್ಸೆಗೆ ಹೊರಡುವ ಮೊದಲು: ಮೈಸೂರು, ಮಂಡ್ಯದ ಕುಟುಂಬಗಳಿಗೆ ಮಾರ್ಗದರ್ಶಿ

ಎರಡು ಬೇರೆ ಬೇರೆ ಖಿನ್ನತೆಯ ಮಾತ್ರೆಗಳನ್ನು, ಸಾಕಷ್ಟು ಪ್ರಮಾಣದಲ್ಲಿ, ಒಂದೊಂದನ್ನೂ ಆರರಿಂದ ಎಂಟು ವಾರ ತಪ್ಪದೆ ತೆಗೆದುಕೊಂಡರೂ ಗುಣ ಕಾಣದಿದ್ದರೆ, ಅಂಥ ಖಿನ್ನತೆಯನ್ನು ಮನೋವೈದ್ಯರು ಸಾಮಾನ್ಯವಾಗಿ ಚಿಕಿತ್ಸೆಗೆ ಬಗ್ಗದ ಖಿನ್ನತೆ ಎಂದು ಪರಿಗಣಿಸುತ್ತಾರೆ. ಅಂಥವರಿಗೆ ಇರುವ ದಾರಿಗಳಲ್ಲಿ ಟಿಎಂಎಸ್ ಎಂಬ ಕಾಂತ ಚಿಕಿತ್ಸೆ ಒಂದು. ತಲೆಯ ಎಡಭಾಗಕ್ಕೆ, ಹಣೆಯ ಮೇಲುಗಡೆ, ಕಾಯಿಲ್ ಎಂಬ ತಂತಿಯ ಸುರುಳಿಯನ್ನು ಒತ್ತಿ ಹಿಡಿಯುತ್ತಾರೆ. ಅದರಿಂದ ಹೊಮ್ಮುವ, ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವು ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ ಹರಿವನ್ನು ಉಂಟುಮಾಡುತ್ತದೆ. ಅರಿವಳಿಕೆ ಬೇಕಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಹಾಗಾಗಿ ಇದು ನಮ್ಮ ಕಡೆ ಜನ 'ಕರೆಂಟ್ ಕೊಡುವುದು' ಎನ್ನುವ, ಅರಿವಳಿಕೆ ಕೊಟ್ಟು ತಲೆಗೆ ನೇರವಾಗಿ ವಿದ್ಯುತ್ ಹಾಯಿಸುವ ಇಸಿಟಿಯಲ್ಲ.

1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ವಿಧಾನಕ್ಕೆ ಖಿನ್ನತೆಯ ಚಿಕಿತ್ಸೆಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ದೊರೆತದ್ದು 2008ರಲ್ಲಿ. ಸಾಮಾನ್ಯ ಕ್ರಮದಲ್ಲಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಆಸ್ಪತ್ರೆಗೆ ಹೋಗಬೇಕು. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ, ಹಾಸಿಗೆ ಬಿಟ್ಟೇಳಲೂ ಮನಸ್ಸಿಲ್ಲದ ರೋಗಿಯನ್ನು ಇಷ್ಟು ದಿನ ಬಸ್ಸಿನಲ್ಲಿ ಕರೆದೊಯ್ಯುವುದು ಎಷ್ಟು ಕಷ್ಟ ಎಂಬುದು ಜೊತೆಗೆ ಹೋಗುವವರಿಗೇ ಗೊತ್ತು. ಆದ್ದರಿಂದಲೇ ಒಂದು ವಾರದೊಳಗೆ ಮುಗಿಯುವ ವೇಗದ ಕ್ರಮದ ಸುದ್ದಿ ಕೇಳಿದ ಕೂಡಲೇ ಕುಟುಂಬಗಳಿಗೆ ಆಸೆ ಹುಟ್ಟುತ್ತದೆ.

ಆ ಸುದ್ದಿಯ ಮೂಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಮ. ಅಲ್ಲಿ ದಿನಕ್ಕೆ 10 ಬಾರಿಯಂತೆ 5 ದಿನ, ಪ್ರತಿ ಬಾರಿ 1,800 ಸ್ಪಂದನಗಳಂತೆ (ಕಾಂತಕ್ಷೇತ್ರದ ಒಂದೊಂದು ಮಿಡಿತವೂ ಒಂದು ಸ್ಪಂದನ) ಒಟ್ಟು 90,000 ಸ್ಪಂದನಗಳನ್ನು ಕೊಡುತ್ತಾರೆ; ಎರಡು ಸರದಿಗಳ ನಡುವೆ ಸುಮಾರು 50 ನಿಮಿಷ ಬಿಡುವಿರುತ್ತದೆ. ಇಷ್ಟಲ್ಲದೆ, ಕಾಯಿಲ್ ಇಡುವ ಜಾಗವನ್ನು ಪ್ರತಿ ರೋಗಿಗೂ ಎಫ್‌ಎಂಆರ್‌ಐ, ಅಂದರೆ ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನ್, ಮಾಡಿ ಗುರುತಿಸುತ್ತಾರೆ. 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಶೇ. 79 ಮಂದಿ, ಹೋಲಿಕೆಗಾಗಿ ಹುಸಿ ಚಿಕಿತ್ಸೆ ಪಡೆದವರ ಪೈಕಿ ಶೇ. 13 ಮಂದಿ ನಾಲ್ಕು ವಾರಗಳ ಅವಧಿಯಲ್ಲಿ ಯಾವಾಗಲಾದರೂ ಒಮ್ಮೆ ಖಿನ್ನತೆಯ ಲಕ್ಷಣಗಳಿಂದ ಬಹುಮಟ್ಟಿಗೆ ಹೊರಬಂದಿದ್ದರು. ಅದೇ ವರ್ಷ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಈ ಫಲಿತಾಂಶ ಭರವಸೆ ತರುವಂಥದ್ದೇ, ಆದರೆ ಆ ಪರೀಕ್ಷೆಯಲ್ಲಿ ಇದ್ದವರು ಕೇವಲ 29 ಮಂದಿ ಎಂಬುದನ್ನು ಮರೆಯಬಾರದು. ದಿನಕ್ಕೆ ಎರಡು ಅಥವಾ ಐದು ಬಾರಿ, ಎಫ್‌ಎಂಆರ್‌ಐ ಇಲ್ಲದೆ ಕೊಡುವುದನ್ನೂ ವೇಗದ ಚಿಕಿತ್ಸೆ ಎಂದೇ ಕರೆಯುತ್ತಾರೆ. ಅದು ನಿಷ್ಪ್ರಯೋಜಕವೆಂದಲ್ಲ, ಸ್ಟ್ಯಾನ್‌ಫರ್ಡ್‌ನ ಅಂಕಿಯನ್ನು ಅದಕ್ಕೆ ಅಂಟಿಸಿ ಹೇಳುವುದು ಮಾತ್ರ ಸರಿಯಲ್ಲ.

ಮೊದಲ ಕೆಲಸ ಕಾಗದಪತ್ರಗಳದು. ಈವರೆಗೆ ತೆಗೆದುಕೊಂಡ ಪ್ರತಿ ಔಷಧಿಯ ಹೆಸರು, ಪ್ರಮಾಣ, ಎಷ್ಟು ವಾರ ತೆಗೆದುಕೊಂಡರು, ಏಕೆ ನಿಲ್ಲಿಸಿದರು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಹೀಗೆ ಬರೆಯುತ್ತಾ ಹೋದಾಗ ಔಷಧಿಯನ್ನು ಅರ್ಧಕ್ಕೇ ಬಿಟ್ಟದ್ದು ಕಂಡುಬಂದರೆ, ಅದು ಚಿಕಿತ್ಸೆಗೆ ಬಗ್ಗದ ಖಿನ್ನತೆ ಆಗಿರಲಿಕ್ಕಿಲ್ಲ. ಆ ಹಾಳೆಯೊಂದಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ಮಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ, ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆಗಳು ಆಗಿವೆಯೇ ಎಂದು ವಿಚಾರಿಸಿ. ಹಿಂದೆ ಯಾವಾಗಲಾದರೂ ಹಲವು ದಿನ ನಿದ್ದೆಯಿಲ್ಲದೆಯೂ ದಣಿಯದೆ, ಅತಿಯಾದ ಮಾತು, ಮಿತಿಮೀರಿದ ಖರ್ಚು ಇದ್ದದ್ದುಂಟೇ ಎಂಬುದನ್ನು ಮನೆಯವರು ಮುಚ್ಚಿಡದೆ ಹೇಳಬೇಕು; ಖಿನ್ನತೆಯೂ ಇಂಥ ಅತಿ ಉತ್ಸಾಹವೂ ಆಗಾಗ ಬರುವ ಬೈಪೋಲಾರ್ ಕಾಯಿಲೆಯಾದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಿ ಬಂದರೆ ಇಲ್ಲಿಯ ವೈದ್ಯರ ಶಿಫಾರಸು ಪತ್ರ ಜೊತೆಗಿರಲಿ.

ರೋಗಿ ಅನ್ನ ನೀರು ಬಿಟ್ಟಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಸಾಯುವ ಯೋಚನೆ ಬಲವಾಗಿದ್ದರೆ ಕಾಂತ ಚಿಕಿತ್ಸೆಯ ಸರದಿಗಾಗಿ ಕಾಯಬೇಡಿ, ಕೂಡಲೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅಂಥ ಸ್ಥಿತಿಯಲ್ಲಿ ಇಸಿಟಿಯೇ ಉತ್ತಮವೆಂದು ವೈದ್ಯರು ಹೇಳಬಹುದು; ಅದಕ್ಕೆ ಹೆದರಿ ರೋಗಿಯನ್ನು ಮನೆಗೆ ವಾಪಸ್ ಕರೆತರಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತಲೆಯೊಳಗೆ ಲೋಹದ ಕ್ಲಿಪ್, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಇವುಗಳಲ್ಲಿ ಕೆಲವು ಇದ್ದರೆ ಈ ಚಿಕಿತ್ಸೆ ಕೊಡುವಂತೆಯೇ ಇಲ್ಲ. ಈ ಚಿಕಿತ್ಸೆಯ ಅತಿ ಗಂಭೀರ ಅಪಾಯವೆಂದರೆ ಫಿಟ್ಸ್. ಅದು ತೀರಾ ಅಪರೂಪ, ಆದರೆ ಹಿಂದೆ ಫಿಟ್ಸ್ ಬಂದಿದ್ದರೆ, ಮದ್ಯಪಾನವಿದ್ದರೆ ಅಥವಾ ಅದನ್ನು ಈಚೆಗೆ ತಟ್ಟನೆ ನಿಲ್ಲಿಸಿದ್ದರೆ, ಬ್ಯುಪ್ರೊಪಿಯಾನ್ ಅಥವಾ ಕ್ಲೋಜಪಿನ್‌ನಂಥ ಔಷಧಿ ನಡೆಯುತ್ತಿದ್ದರೆ, ನಿದ್ದೆಗೆಟ್ಟಿದ್ದರೆ ಅದರ ಸಂಭವ ಹೆಚ್ಚುತ್ತದೆ. ಆದ್ದರಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಿಗ್ಗೆ ನೇರವಾಗಿ ಕುರ್ಚಿಯಲ್ಲಿ ಕೂರಿಸಬೇಡಿ. ಹಿಂದಿನ ದಿನವೇ ಬೆಂಗಳೂರು ತಲುಪಿ, ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು, ರೋಗಿ ಚೆನ್ನಾಗಿ ನಿದ್ದೆ ಮಾಡಲಿ. ಔಷಧಿಗಳನ್ನು ನೀವಾಗಿಯೇ ನಿಲ್ಲಿಸಲೂ ಬಾರದು, ಬದಲಿಸಲೂ ಬಾರದು.

ಹಣ ಕಟ್ಟುವ ಮೊದಲು ದಿನಕ್ಕೆ ಎಷ್ಟು ಸರದಿ, ನಡುವೆ ಎಷ್ಟು ಬಿಡುವು, ಜಾಗವನ್ನು ಯಾವ ವಿಧಾನದಿಂದ ಗುರುತಿಸುತ್ತಾರೆ, ಫಿಟ್ಸ್ ಬಂದರೆ ನೋಡಿಕೊಳ್ಳಲು ವೈದ್ಯರು ಅಲ್ಲಿಯೇ ಇರುತ್ತಾರೆಯೇ ಎಂದು ಕೇಳಿ. ಮಾನಸಿಕ ಕಾಯಿಲೆಗಳಿಗೂ ದೈಹಿಕ ಕಾಯಿಲೆಗಳಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೂ ದಾಖಲಾಗದೆ ಪಡೆಯುವ ಈ ಚಿಕಿತ್ಸೆಗೆ ಹಣ ಸಿಗುತ್ತದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಬರಹದಲ್ಲೇ ಪಡೆದುಕೊಳ್ಳಿ.

ಮೊದಲ ದಿನ, ಹೆಬ್ಬೆರಳೋ ಬೆರಳುಗಳೋ ತಟಕ್ಕನೆ ಅಲುಗುವ ಕನಿಷ್ಠ ಶಕ್ತಿಯನ್ನು ಕಂಡುಹಿಡಿದು, ಅದರ ಆಧಾರದ ಮೇಲೆ ಚಿಕಿತ್ಸೆಯ ಪ್ರಮಾಣವನ್ನು ನಿಗದಿ ಮಾಡುತ್ತಾರೆ. ಯಂತ್ರದಿಂದ ಟಕಟಕ ಸದ್ದು ಜೋರಾಗಿ ಬರುವುದರಿಂದ ಕಿವಿಗೆ ಇಯರ್‌ಪ್ಲಗ್ ಹಾಕಲೇಬೇಕು. ನೆತ್ತಿ ನೋವು, ತಲೆನೋವು, ಹುಬ್ಬು ಅಥವಾ ದವಡೆ ಅದುರುವುದು ಸಾಮಾನ್ಯ. ತಾಳಲಾರದಷ್ಟು ನೋವಾದರೆ ರೋಗಿ ಬಾಯಿಬಿಟ್ಟು ಹೇಳಲಿ, ಕಾಯಿಲ್‌ನ ಕೋನವನ್ನು ಬದಲಿಸಬಹುದು. ಬಿಡುವಿನ ಹೊತ್ತಿಗೆ ಊಟ, ನೀರು, ಹೊದಿಕೆ ಜೊತೆಯಲ್ಲಿರಲಿ, ಏಕೆಂದರೆ ದಿನವಿಡೀ ಅಲ್ಲೇ ಕಳೆಯಬೇಕಾಗುತ್ತದೆ. ಮೂರನೆಯ ದಿನಕ್ಕೂ ಬದಲಾವಣೆ ಕಾಣಲಿಲ್ಲವೆಂದು ರೋಗಿಯ ಮುಂದೆ ಚಡಪಡಿಸಬೇಡಿ. ಕೆಲವರಲ್ಲಿ ಗುಣ ಕಾಣುವುದು ಚಿಕಿತ್ಸೆ ಮುಗಿದ ಮೇಲೆ.

ಗುಣವಾದ ಮೇಲೂ ಖಿನ್ನತೆ ಮರಳಬಹುದು. ಊರಿಗೆ ಬಂದ ಮೇಲೆ ಇಲ್ಲಿಯ ಮನೋವೈದ್ಯರನ್ನು ಮತ್ತೆ ಕಾಣುವ ದಿನವನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಬಿಡುಗಡೆ ಪತ್ರದಲ್ಲಿ ಬೆರಳು ಅಲುಗಿದ ಶಕ್ತಿಯ ಮಟ್ಟ, ಕಾಯಿಲ್ ಇಟ್ಟ ಜಾಗ, ಒಟ್ಟು ಸ್ಪಂದನಗಳು, ಚಿಕಿತ್ಸೆಗೆ ಮೊದಲೂ ನಂತರವೂ ಅಳೆದ ಖಿನ್ನತೆಯ ಅಂಕಗಳು ಇವೆಯೇ ಎಂದು ನೋಡಿಕೊಂಡು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮತ್ತೊಂದು ಸುತ್ತಿನ ಚಿಕಿತ್ಸೆ ಬೇಕಾದರೆ ಅದನ್ನು ಕೊಡುವ ವೈದ್ಯರು ಮೊದಲು ಕೇಳುವುದು ಇವನ್ನೇ.