ನಾನು ಹಿಡಿದ ಮೊಲಕ್ಕೆ ಮೂರೇ ಕಾಲು: ಒಂದು ಕಾರ್ಟೂನ್ ಮೊಲ ಮಾಡಿದ ನನ್ನ ಅನುಭವ

ಹೋದ ತಿಂಗಳು ನನ್ನ ಕಾರ್ಟೂನ್ ಮೊಲ ಮುಕ್ಕಾಲಪ್ಪನ ಹನ್ನೊಂದನೇ ಕಂತು ಹಾಕಿದೆ. ಮೊದಲ ವಾರದಲ್ಲೇ ಹತ್ತಿರ ಹತ್ತಿರ ಎರಡು ಲಕ್ಷ ಜನ ನೋಡಿದರು. ಎರಡು ವರ್ಷದ ಹಿಂದೆ ಇದೇ ಮೊಲದ ಚಿತ್ರ ತೋರಿಸಿದಾಗ "ಇದು ನಡೆಯೋದಿಲ್ಲ, ಬಿಡು" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದುಬಿಡೋಣ ಅನ್ನಿಸಿತು. ಕೀ ಪೋಸ್ (ಚಲನೆಯ ಮುಖ್ಯ ಭಂಗಿ), ಇನ್‌ಬಿಟ್ವೀನ್ (ಎರಡು ಮುಖ್ಯ ಭಂಗಿಗಳ ನಡುವಿನ ಡ್ರಾಯಿಂಗ್), ಆನ್ ಟೂಸ್ (ಒಂದೊಂದು ಡ್ರಾಯಿಂಗನ್ನು ಎರಡೆರಡು ಫ್ರೇಮ್ ತೋರಿಸೋದು) ಇವೆಲ್ಲ ಅನಿಮೇಷನ್ ಮಾಡೋರಿಗೆ ಗೊತ್ತೇ ಇರುತ್ತೆ, ಇದಕ್ಕಿಂತ ಹೆಚ್ಚು ವಿವರಿಸೋಕೆ ಹೋಗೋದಿಲ್ಲ.

ಮೊದಲು ಕೆಟ್ಟ ಕಥೆ. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಏಳು ವರ್ಷ ಪರದೇಶದ ಸೀರಿಯಲ್‌ಗಳಿಗೆ ಇನ್‌ಬಿಟ್ವೀನ್ ಮಾಡಿ, ಊರಿಗೆ ಬಂದು ಹುಬ್ಬಳ್ಳಿಯಲ್ಲಿ ಮನೆಯ ಮೇಲಿನ ಕೋಣೆಯಲ್ಲಿ ಸ್ವಂತ ಕೆಲಸ ಶುರು ಮಾಡಿದೆ. ಮೊದಲನೇ ಮೊಲ ಬಿಳಿ ಬಣ್ಣದ್ದು. ಗುಲಾಬಿ ಕಿವಿ, ದೊಡ್ಡ ಕಣ್ಣು, ಯಾವಾಗಲೂ ನಗು, ಕುಂತಲ್ಲಿ ಕೂರದೆ ಜಿಗಿತ. ರಿಗ್, ಅಂದರೆ ಪಾತ್ರವನ್ನು ಕಂಪ್ಯೂಟರ್‌ನಲ್ಲಿ ಆಡಿಸೋ ಕೀಲುಗಳ ಜೋಡಣೆ, ಮಾಡಿಸೋಕೆ ಒಬ್ಬರಿಗೆ ನಲವತ್ತು ಸಾವಿರ ಕೊಟ್ಟೆ. ಧ್ವನಿಗೆ ಹದಿನೈದು ಸಾವಿರ. ಹಾಡಿಗೆ ಇಪ್ಪತ್ತರ ಮೇಲೆ. ಹಿನ್ನೆಲೆ, ಎಡಿಟಿಂಗ್, ಹಳೆಯ ಟ್ಯಾಬ್ಲೆಟ್ ಎಲ್ಲ ಸೇರಿ ನನ್ನ ನೆನಪಿನ ಪ್ರಕಾರ ಒಂದೂಮುಕ್ಕಾಲು ಲಕ್ಷ ಹೋಯಿತು. ಬಂದದ್ದು ಸೊನ್ನೆ.

ಸೋತದ್ದು ಯಾಕೆ ಅಂತ ಗೊತ್ತಾಗಿದ್ದು ಅಕ್ಕನ ಮಗಳಿಂದ. ಆಗ ಅವಳಿಗೆ ಆರು ವರ್ಷ. ನನ್ನ ತೊಡೆ ಮೇಲೆ ಕೂತು ಸುಮಾರು ನಲವತ್ತು ಸೆಕೆಂಡ್ ನೋಡಿದಳು. ಮೊಲ ಹೆದರಿ ಕಿವಿ ಹಿಂದಕ್ಕೆ ಮಡಚಿದ ಶಾಟ್ ಬಂತು. "ಮಾಮಾ, ಇದು ಇಲಿ ಅಲ್ವಾ?" ಅಂದಳು. ಹೌದು, ಇಲಿಯೇ. ಕಿವಿ ತೆಗೆದರೆ ಅದರಲ್ಲಿ ಮೊಲ ಅನ್ನೋದು ಏನೂ ಉಳಿದಿರಲಿಲ್ಲ. ಜಿಗಿಯೋದು ಬಿಟ್ಟರೆ ಅದಕ್ಕೆ ಸ್ವಭಾವವೂ ಇರಲಿಲ್ಲ.

ಎರಡು ತಿಂಗಳು ಕೆಲಸ ಮುಟ್ಟಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಅಪ್ಪನಿಗೂ ಕಾಕಾಗೂ ಇಸ್ಪೀಟ್ ಆಟದಲ್ಲಿ ಜಗಳ ಹತ್ತಿತು. ಕಾಕಾ ತಪ್ಪು ಎಲೆ ಹಾಕಿದ್ದು ಎಲ್ಲರಿಗೂ ಕಂಡಿದೆ, ಆದರೂ ಒಪ್ಪೋದಿಲ್ಲ. ಅವ್ವ ಒಳಗಿಂದ "ಬಿಡ್ರಿ, ಅವರು ಹಿಡಿದ ಮೊಲಕ್ಕ ಮೂರ ಕಾಲ" ಅಂದರು. ಹುಟ್ಟಿದಾಗಿನಿಂದ ಕೇಳಿದ ಗಾದೆ. ಅವತ್ತು ಮಾತ್ರ ಬೇರೆ ಥರ ಕೇಳಿಸಿತು. ಮೊಲ ಹಿಡಿದವನು ಮೂರೇ ಕಾಲು ಅಂತ ಹಟ ಮಾಡ್ತಾನೆ, ಸರಿ. ಮೊಲವೇ ತನಗೆ ಮೂರೇ ಕಾಲು ಅಂತ ಹಟಕ್ಕೆ ಬಿದ್ದರೆ?

ಅಲ್ಲೇ ಹೆಸರೂ ಬಂತು, ಮುಕ್ಕಾಲಪ್ಪ. ಮೂರು ಕಾಲಿನವನೂ ಹೌದು, ಮುಕ್ಕಾಲು ಪಾಲಿನವನೂ ಹೌದು. ಎಡಗಡೆಯ ಮುಂಗಾಲನ್ನು ಶಾಲಿನೊಳಗೆ ಇಟ್ಟುಕೊಂಡು ನಿಂತಿರುತ್ತಾನೆ. ಶಾಲಿನ ಕೆಳಗೆ ಅದು ಅಲ್ಲಾಡೋದು ಊರಿಗೆಲ್ಲ ಕಾಣುತ್ತೆ. ಅವನು ಮಾತ್ರ ಇಲ್ಲ ಅಂತಾನೆ. ಇದನ್ನು ಕೇಳಿದ ಹಳೆಯ ಸಹೋದ್ಯೋಗಿಗಳು ಮೂರು ಮಾತು ಹೇಳಿದರು: ಪೋಸ್ ಒಂದು ಕಡೆ ವಾಲುತ್ತೆ, ಮಕ್ಕಳಿಗೆ ಅರ್ಥ ಆಗೋದಿಲ್ಲ, ಅಂಗವಿಕಲರನ್ನು ಆಡಿಕೊಂಡ ಹಾಗೆ ಆಗುತ್ತೆ. ಮೂರನೆಯದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ಅದಕ್ಕೇ ಒಂದು ನಿಯಮ ಹಾಕಿಕೊಂಡೆ. ಆ ಕಾಲು ಇದೆ ಅಂತ ಪ್ರತಿ ಕಂತಿನ ಮೊದಲ ಹತ್ತು ಸೆಕೆಂಡಿನಲ್ಲೇ ನೋಡುವವರಿಗೆ ಗೊತ್ತಾಗಬೇಕು. ನಗು ಬರಬೇಕಾದ್ದು ಕಾಲಿಗಲ್ಲ, ಅವನ ಹಟಕ್ಕೆ. ಇಲ್ಲಿಯವರೆಗೆ ಒಬ್ಬರೂ ತಪ್ಪು ತಿಳಿದಿಲ್ಲ.

ವಾಲೋದನ್ನು ನಾನೇ ಬೇಕಂತ ಇಟ್ಟುಕೊಂಡೆ. ಸೊಂಟ ಬಲಕ್ಕೆ, ತಲೆ ಎಡಕ್ಕೆ, ಶಾಲಿನ ತುದಿ ನೆಲಕ್ಕೆ ತಾಗುವ ಹಾಗೆ. ಪೂರ್ತಿ ಕಪ್ಪು ತುಂಬಿ ನೆರಳಿನ ಹಾಗೆ ಪ್ರಿಂಟ್ ಹಾಕಿ ಓಣಿಯ ಹುಡುಗರಿಗೆ ತೋರಿಸಿದೆ. ಹತ್ತರಲ್ಲಿ ಎಂಟು ಜನ ಮೊಲ ಅಂದರು. ಒಬ್ಬ "ಮೊಲದ ಅಜ್ಜ" ಅಂದ. ಅವತ್ತೇ ಡಿಸೈನ್ ಮುಗಿಯಿತು ಅಂತ ನನಗೆ ಖಾತ್ರಿಯಾಯಿತು.

ಮೊಲದ ಸ್ವಭಾವ ತಿಳಿಯೋಕೆ ಒಂದು ಜೋಡಿ ಸಾಕುಮೊಲ ತಂದೆ. ಕಾಡುಮೊಲ ಹಿಡಿದು ಸಾಕೋದು ಕಾನೂನಿನ ಪ್ರಕಾರ ಅಪರಾಧ, ಆ ಯೋಚನೆ ಮಾಡಬೇಡಿ. ಜೋಡಿಗೆ ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಅವು ಕಡಿದು ಹಾಕಿದ ಚಾರ್ಜರ್ ವೈರ್‌ಗಳ ಖರ್ಚು ಅದಕ್ಕಿಂತ ಜಾಸ್ತಿ. ಆದರೆ ಕಲಿತದ್ದು ಏಳು ವರ್ಷದ ನೌಕರಿಗಿಂತ ಹೆಚ್ಚು. ಮೊಲ ತನ್ನ ಗದ್ದವನ್ನು ಕಂಡಕಂಡದ್ದಕ್ಕೆ ಉಜ್ಜುತ್ತೆ. ಗದ್ದದ ಕೆಳಗೆ ವಾಸನೆಯ ಗ್ರಂಥಿ ಇದೆ, ಉಜ್ಜಿದರೆ "ಇದು ನಂದು" ಅಂತ ಅರ್ಥ. ಗಂಡು ಮೊಲ ಒಂದು ಬೆಳಿಗ್ಗೆ ಬಂದು ನನ್ನ ಚಪ್ಪಲಿಗೆ ಉಜ್ಜಿತು, ಕುರ್ಚಿಯ ಕಾಲಿಗೆ ಉಜ್ಜಿತು, ಟ್ಯಾಬ್ಲೆಟ್ ಪೆನ್ನಿಗೆ ಉಜ್ಜಿತು, ಕೊನೆಗೆ ನನ್ನ ಹೆಬ್ಬೆರಳಿಗೆ ಉಜ್ಜಿ ಅಲ್ಲೇ ಕಾಲು ಚಾಚಿ ಮಲಗಿತು. ಮುಕ್ಕಾಲಪ್ಪ ಪಕ್ಕದ ಮನೆಯ ಸ್ಕೂಟರ್‌ಗೆ ಗದ್ದ ಉಜ್ಜಿ ಮಾಲೀಕನಾಗೋ ಕಂತು ಹುಟ್ಟಿದ್ದು ಹಾಗೆ.

ಇನ್ನೊಂದು ವಿಷಯ ಕಣ್ಣು. ಮೊಲದ ಕಣ್ಣು ತಲೆಯ ಎರಡೂ ಪಕ್ಕದಲ್ಲಿರೋದರಿಂದ ಹಿಂದೆ ಬರುವವರೂ ಕಾಣ್ತಾರೆ, ಮೂಗಿನ ಮುಂದೆ ಇಟ್ಟದ್ದು ಮಾತ್ರ ಕಾಣೋದಿಲ್ಲ. ಕಾಮಿಡಿಗೆ ಇದಕ್ಕಿಂತ ಏನು ಬೇಕು ಹೇಳಿ! ಬೆನ್ನ ಹಿಂದೆ ಬಂದ ನಾಯಿಯನ್ನು ತಿರುಗದೆಯೇ ಬೈದು ಕಳಿಸ್ತಾನೆ, ಮೂಗಿನ ಕೆಳಗಿರೋ ಗಜ್ಜರಿಯನ್ನು ಇಡೀ ಕಂತು ಹುಡುಕ್ತಾನೆ.

ಜಿಗಿತ ಹೆಚ್ಚುಕಮ್ಮಿ ಬಿಟ್ಟೇಬಿಟ್ಟೆ. ಒಂದು ಕಂತಿಗೆ ಒಂದೇ ಒಂದು ಜಿಗಿತ. ಇದಕ್ಕೇ ಎಲ್ಲರಿಗಿಂತ ಜಾಸ್ತಿ ವಿರೋಧ ಬಂದದ್ದು. ಮೊಲ ಅಂದ ಮೇಲೆ ಜಿಗೀಬೇಕಲ್ವಾ ಅಂತ. ನಾನು ಅಮೆರಿಕದ ಹೆಸರಾಂತ ಕಾರ್ಟೂನ್ ಮೊಲ ಬಗ್ಸ್ ಬನ್ನಿಯನ್ನೇ ತೋರಿಸಿದೆ. 1938ರಲ್ಲಿ ಅವನನ್ನು ಮಾಡಿದ ಸ್ಟುಡಿಯೋದಲ್ಲೇ ಬಂದ ಅವನ ಹಿಂದಿನ ಮೊಲ ಹುಚ್ಚನ ಹಾಗೆ ಕುಣೀತಿತ್ತು. 1940ರಲ್ಲಿ ನಿರ್ದೇಶಕ ಟೆಕ್ಸ್ ಆವರಿ ಕೈಗೆ ಬಂದಾಗ ಅದೇ ಮೊಲ ಬಂದೂಕು ಹಿಡಿದವನ ಎದುರು ಆರಾಮಾಗಿ ನಿಂತು ಗಜ್ಜರಿ ಕಡಿಯಿತು. ಗೆದ್ದದ್ದು ನಿಂತ ಮೊಲ. ನಮ್ಮವನ ನಿಲ್ಲುವಿಕೆ ಬೇರೆ, ಆ ಮೊಲದ್ದು ಜಾಣತನ, ಇವನದು ಹಟ. ಆದರೆ ನಿಂತವನನ್ನು ನೋಡಿದರೇ ನಗು ಬರೋದು ಅನ್ನೋದು ಎರಡಕ್ಕೂ ಒಂದೇ.

ನಿಂತರೆ ದುಡ್ಡೂ ಉಳಿಯುತ್ತೆ. ಮೂರು ನಿಮಿಷಕ್ಕೆ ಸೆಕೆಂಡಿಗೆ ಹನ್ನೆರಡರಂತೆ 2160 ಡ್ರಾಯಿಂಗ್ ಆಗಬೇಕು. ನನ್ನ ಕಂತು ಆರುನೂರೈವತ್ತು, ಏಳುನೂರರಲ್ಲಿ ಮುಗಿಯುತ್ತೆ. ಒಂದು ಮುಂಗಾಲು ಶಾಲಿನೊಳಗೇ ಇದೆ, ಅದನ್ನು ಬಿಡಿಸೋದೇ ಇಲ್ಲ, ಬಟ್ಟೆಯ ಉಬ್ಬು ನಾಲ್ಕು ಡ್ರಾಯಿಂಗ್‌ನಲ್ಲಿ ಆಗುತ್ತೆ. ಉಳಿದ ಸಮಯವನ್ನೆಲ್ಲ ಕಿವಿಗೆ ಸುರಿದೆ. ಮುಖ ಒಂದು ಹೇಳಿದರೆ ಕಿವಿ ಇನ್ನೊಂದು ಹೇಳುತ್ತೆ, ಅದೂ ಸ್ವಲ್ಪ ತಡವಾಗಿ. ಸುಳ್ಳು ಹೇಳಿ ಮುಗಿಸಿ ಮುಖ ಗಂಭೀರ ಮಾಡಿಕೊಂಡ ಮೇಲೆ ಎಡಗಿವಿ ಮೆಲ್ಲಗೆ ಬಾಗುತ್ತೆ. ಎಷ್ಟು ಫ್ರೇಮ್ ತಡ ಅಂತ ಮಾತ್ರ ಕೇಳಬೇಡಿ. ಅದನ್ನು ಕಂಡುಕೊಳ್ಳೋಕೆ ನನಗೆ ನಾಲ್ಕು ತಿಂಗಳು ಹಿಡಿದಿದೆ.

ಕಿವಿಯಿಂದ ಒಂದು ಪೆಟ್ಟೂ ತಿಂದೆ. ಮೊಬೈಲ್‌ಗೆ ಅಂತ ನಿಂತ ಆಕಾರದ (ವರ್ಟಿಕಲ್) ವಿಡಿಯೋ ಮಾಡಿದಾಗ ಎರಡೂ ಕಿವಿಯ ತುದಿ ಪರದೆಯ ಮೇಲ್ಗಡೆ ಬರೋ ಬರಹದ ಅಡಿಗೆ ಹೋಯಿತು. ಮೂರು ಕಂತು ಹಾಗೇ ಹೊರಬಿದ್ದವು. ಮತ್ತೆ ಕೂತು ಬಲಗಿವಿಯನ್ನು ನಡುವಿಗೆ ಮಡಚಿ, ಎರಡನ್ನೂ ಕಾಲು ಭಾಗ ಗಿಡ್ಡ ಮಾಡಿದೆ. ಈಗ ನೋಡಿದರೆ ಮೊದಲಿಗಿಂತ ಇದೇ ಚೆಂದ.

ಧ್ವನಿಗೆ ಸಣ್ಣ ಕೀರಲು ದನಿ ಬೇಡ ಅಂತ ತೀರ್ಮಾನ ಮಾಡಿದ್ದೆ. ಇಸ್ಪೀಟ್ ಜಗಳದ ಕಾಕಾರನ್ನೇ ಕೂರಿಸಿದೆ. ಅರವತ್ನಾಲ್ಕು ವರ್ಷ, ಗಡಸು ಗಂಟಲು, ಅವಸರವೇ ಇಲ್ಲ. ಸ್ಟುಡಿಯೋ ಬಾಡಿಗೆ ಗಂಟೆಗೆ ಏಳೆಂಟುನೂರು ಕೇಳಿದರು. ಎರಡು ಕುರ್ಚಿಯ ಮೇಲೆ ಅಜ್ಜಿ ಹೊಲಿದ ಕೌದಿ ಹೊದಿಸಿ, ಅದರೊಳಗೆ ಮೈಕ್ ಇಟ್ಟು ಕಾಕಾರನ್ನು ಕೂರಿಸಿದೆ. ಸೆಕೆಗೆ ಬೆವರಿಳಿಸಿಕೊಂಡು "ಮೂರ ಅಂದ್ರ ಮೂರ. ನಾಕನೇದ್ದು ಎಲ್ಲಿ ಐತಿ, ತೋರ್ಸು?" ಅಂತ ಅವರು ನಿಜವಾಗಿಯೂ ಸಿಟ್ಟಿನಿಂದ ಅಂದರು. ಮೊದಲ ಟೇಕೇ ಇಟ್ಟುಕೊಂಡೆ. ಕೌದಿಯಷ್ಟು ಒಳ್ಳೆಯ ಸೌಂಡ್ ನನಗೆ ಬಾಡಿಗೆ ಕೋಣೆಯಲ್ಲೂ ಸಿಕ್ಕಿರಲಿಲ್ಲ.

ನಡುವೆ ತೊಗಲುಗೊಂಬೆಯ ಹುಚ್ಚೂ ಹಿಡಿದಿತ್ತು. ಗೊಂಬೆಗಳ ಮುಖ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತೆ, ಕೀಲುಗಳನ್ನು ದಾರದಲ್ಲಿ ಕಟ್ಟಿರ್ತಾರೆ. ಅದೇ ಥರ ಮುಕ್ಕಾಲಪ್ಪನನ್ನು ತುಂಡು ತುಂಡಾಗಿ ಬಿಡಿಸಿ, ಚರ್ಮದ ಕೆಂಪು, ಹಸಿರು ಬಣ್ಣ ಕೊಟ್ಟು, ತೂತಿನ ಕಸೂತಿ ಹಾಕಿ ಓಪನ್‌ಟೂನ್ಜ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಕೀಲು ಜೋಡಿಸಿದೆ. ನೋಡೋಕೆ ಬಹಳ ಚೆಂದ. ಆದರೆ ಪಕ್ಕಮುಖದಲ್ಲಿ ಒಂದೇ ಕಣ್ಣು ಕಾಣುತ್ತೆ, ಆ ಹಟದ ನೋಟ ಸಿಗಲಿಲ್ಲ. ಒಂದೂವರೆ ತಿಂಗಳು ಹೋಯಿತು. ಕೀಲಿನ ಉಪಾಯ ಮಾತ್ರ ಉಳಿಸಿಕೊಂಡೆ, ಈಗಲೂ ನಡಿಗೆಯ ಶಾಟ್‌ಗಳನ್ನು ಹಾಗೇ ಮಾಡೋದು.

ಈಗ ಒಂದು ಕಂತಿಗೆ ಹದಿಮೂರು, ಹದಿನಾಲ್ಕು ಸಾವಿರ ಬೀಳುತ್ತೆ. ಡಿಸೈನ್ ಕ್ರಿತಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನಲ್ಲಿ, ಅದೂ ಓಪನ್‌ಟೂನ್ಜೂ ಪುಕ್ಕಟೆ. ಬಣ್ಣ ತುಂಬೋಕೆ ಇಬ್ಬರು ಹುಡುಗಿಯರು ಬರ್ತಾರೆ, ಹೆಚ್ಚಿನ ದುಡ್ಡು ಅವರಿಗೇ. ಆರನೇ ಕಂತಿನವರೆಗೆ ಕೈಯಿಂದ ಹಾಕಿದೆ. ಆಮೇಲೆ ಸ್ಟಿಕರ್, ಸಣ್ಣ ಜಾಹೀರಾತು ಅಂತ ಬರತೊಡಗಿತು. ಹೋದ ಆರು ತಿಂಗಳಲ್ಲಿ ಹಳೆಯ ಸಾಲವೆಲ್ಲ ತೀರಿತು.

ನಡುವೆ ಒಂದು ಕಂಪನಿಯವರು ಬಂದು ಮೂರು ಲಕ್ಷ ಕೊಡ್ತೀವಿ, ಪಾತ್ರ ಪೂರ್ತಿ ನಮ್ಮದು ಅಂದರು. ಮನೆಯಲ್ಲಿ ಎಲ್ಲರೂ ತಗೋ ಅಂದರು. ಕಾಗದ ಓದಿದೆ. ಮುಂದೆ ನಾನು ಮುಕ್ಕಾಲಪ್ಪನ ಚಿತ್ರ ಬಿಡಿಸಬೇಕಾದರೂ ಅವರ ಒಪ್ಪಿಗೆ ಬೇಕು ಅಂತಿತ್ತು. ವಾಲ್ಟ್ ಡಿಸ್ನಿ 1927ರಲ್ಲಿ ಆಸ್ವಾಲ್ಡ್ ಅನ್ನೋ ಮೊಲ ಮಾಡಿ, ಮರುವರ್ಷವೇ ಅದನ್ನು ಕಳಕೊಂಡರು, ಹಕ್ಕು ಯೂನಿವರ್ಸಲ್ ಅನ್ನೋ ಸಿನಿಮಾ ಕಂಪನಿ ಕಡೆ ಇತ್ತು. ಆ ಮೊಲ ಡಿಸ್ನಿ ಕಂಪನಿಗೆ ವಾಪಸ್ ಬಂದಿದ್ದು 2006ರಲ್ಲಿ, ಅಷ್ಟರಲ್ಲಿ ಅವರು ತೀರಿಹೋಗಿ ಹತ್ತಿರ ಹತ್ತಿರ ನಲವತ್ತು ವರ್ಷ. ನಾನು ಸಹಿ ಹಾಕಲಿಲ್ಲ. ಮಾರನೇ ವಾರವೇ ಚಿತ್ರಗಳನ್ನು ಕಾಪಿರೈಟ್ ನೋಂದಣಿಗೆ ಹಾಕಿದೆ, ನೀವೂ ಮೊದಲು ಆ ಕೆಲಸ ಮಾಡಿ, ಫೀಸು ಹೆಚ್ಚೇನಿಲ್ಲ.

ಶಾಲಿನೊಳಗಿನ ಕಾಲು ಯಾವಾಗ ಹೊರಗೆ ಬರುತ್ತೆ ಅಂತ ದಿನಕ್ಕೆ ಹತ್ತು ಜನ ಕೇಳ್ತಾರೆ. ಆ ಶಾಟ್ ಬಿಡಿಸಿ ಇಟ್ಟಾಗಿದೆ, ಒಟ್ಟು ಮೂವತ್ತೆರಡು ಡ್ರಾಯಿಂಗ್. ಕಾಕಾಗೂ ತೋರಿಸಿಲ್ಲ.