ಬಿಸಿ ಗಂಜಿಗೆ ಸುರಿದ ಪೌಡರ್

ನಮ್ಮ ಮೀನಿನ ಕೊಳ ಇರುವುದು ಮದ್ದೂರು ತಾಲ್ಲೂಕಿನಲ್ಲಿ, ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯದು. ಅರ್ಧ ಎಕರೆಗೆ ಕಾಟ್ಲಾ, ರೋಹು, ಮೃಗಾಲ್ ಸೇರಿ 1,500 ಮರಿ ಬಿಟ್ಟಿದ್ದೇನೆ. ಮೊದಲೆಲ್ಲ ಮೇವು ಅಂದರೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಅಷ್ಟೇ. ಮರಿ ತರಲು ಹೋದಾಗ ಪ್ರೋಬಯಾಟಿಕ್ ಪೌಡರ್, ಅಂದರೆ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಒಂದು ಪ್ಯಾಕೆಟ್ ತಂದೆ. ಅದರ ಮೇಲೆ ಬ್ಯಾಕ್ಟೀರಿಯಾದ ಹೆಸರು ಲ್ಯಾಕ್ಟೋಬ್ಯಾಸಿಲಸ್ ಅಂತ ಬರೆದಿತ್ತು.

ತಂದ ದಿನವೇ ತಪ್ಪು ಮಾಡಿದೆ. ಮೇವು ಅಂಟಿಕೊಳ್ಳಲಿ ಅಂತ ಕುದಿಯುವ ಗಂಜಿಗೆ ಪೌಡರ್ ಸುರಿದು ಕಲಸಿದೆ. ಇಪ್ಪತ್ತು ದಿನ ಹಾಗೇ ನಡೆಯಿತು, ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮೀನುಗಾರಿಕೆ ಓದುತ್ತಿದ್ದ ಹುಡುಗನೊಬ್ಬ ಕೊಳ ನೋಡಲು ಬಂದ. "ಗಂಜಿ ಎಷ್ಟು ಬಿಸಿ ಇತ್ತಣ್ಣ?" ಅಂದ. "ಕೈ ಇಡೋಕಾಗ್ತಿರ್ಲಿಲ್ಲ" ಅಂದೆ. "ಹಾಗಾದ್ರೆ ನೀವು ಹಾಕಿದ್ದು ಬರೀ ಪುಡಿ, ಅದರಲ್ಲಿ ಜೀವ ಎಲ್ಲಿ ಉಳೀತು?" ಅಂದುಬಿಟ್ಟ. ಬ್ಯಾಸಿಲಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಬೀಜದ ಹಾಗೆ ಗಟ್ಟಿ ಸಿಪ್ಪೆ ಕಟ್ಟಿಕೊಂಡು ಬಿಸಿ ಸ್ವಲ್ಪ ತಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಆ ಶಕ್ತಿ ಇಲ್ಲ.

ಈಗ ಹೀಗೆ ಮಾಡುತ್ತೇನೆ. ಹಿಂಡಿಯನ್ನು ರಾತ್ರಿ ನೆನೆಸಿಡುತ್ತೇನೆ. ಬೂಷ್ಟು ವಾಸನೆ ಇದ್ದರೆ ಅದನ್ನು ಮುಟ್ಟುವುದೇ ಇಲ್ಲ, ಅದರ ವಿಷಕ್ಕೆ ಪ್ರೋಬಯಾಟಿಕ್ ಮದ್ದಲ್ಲ. ಗಂಜಿಯನ್ನು ಸಂಜೆಯೇ ಕಾಯಿಸಿ ಆರಲು ಬಿಡುತ್ತೇನೆ. ಬೆಳಿಗ್ಗೆ 5 ಕೆ.ಜಿ. ಮೇವಿಗೆ 25 ಗ್ರಾಂ ಪೌಡರ್ ಲೆಕ್ಕ. ತಣ್ಣಗಿನ ಗಂಜಿಯಲ್ಲಿ ಚೂರು ಬೆಲ್ಲದ ಜೊತೆ ಕದಡಿ, ತೌಡು ಹಿಂಡಿಗೆ ಸುರಿದು, ಮುದ್ದೆ ಹದಕ್ಕೆ ನಾದುತ್ತೇನೆ. ಬೆರಳಿಗೆ ಅಂಟದೆ ಉಂಡೆ ಕಟ್ಟಬೇಕು. ಸಡಿಲವಾದರೆ ನೀರಿಗೆ ಬಿದ್ದ ತಕ್ಷಣ ಕರಗಿ ಹೋಗುತ್ತದೆ, ಪೌಡರೂ ಅದರ ಜೊತೆಗೇ ಹೋಯಿತು. ನಲ್ಲಿ ನೀರು ಬಳಸುವುದಿಲ್ಲ, ಕ್ಲೋರಿನ್ ಇರುತ್ತೆ ಅಲ್ವಾ. ಕಲಸಿದ್ದನ್ನು ಅವತ್ತೇ ಮುಗಿಸುತ್ತೇನೆ.

ಸ್ಪಿರುಲಿನಾ ಅನ್ನುವ ಪಾಚಿ ಸೇರಿಸಿದ್ದು ಆಮೇಲೆ. ಒಣಗಿದ ಪುಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್, ಆದರೆ ಬೆಲೆ ನಮಗೆ ಭಾರ. ಅದಕ್ಕೇ ತೊಟ್ಟಿಯಲ್ಲಿ ನಾನೇ ಬೆಳೆಸುತ್ತೇನೆ. ಅಡುಗೆ ಸೋಡಾ ಹಾಕಿದ ಕ್ಷಾರದ ನೀರೇ ಅದಕ್ಕೆ ಬೇಕು, ದಿನಕ್ಕೆ ನಾಲ್ಕಾರು ಸಲ ಕಲಕಬೇಕು. ಬಟ್ಟೆಯಲ್ಲಿ ಸೋಸಿ, ಸೋಡಾ ಹೋಗುವ ಹಾಗೆ ತೊಳೆದರೆ ಹಸಿರು ಪೇಸ್ಟ್ ಉಳಿಯುತ್ತದೆ. ಒಣಗಿಸುವ ಗೋಜು ಬೇಡ, ಹಸಿಯಾಗೇ ಮುದ್ದೆಗೆ ನಾದುತ್ತೇನೆ, ವಾರಕ್ಕೆ ಎರಡು ಸಲ. ಮಳೆ ಬಂದಾಗ ತೊಟ್ಟಿ ಮುಚ್ಚಲು ಮರೆತರೆ ನೀರು ತೆಳುವಾಗಿ ಬೇರೆ ಪಾಚಿ ಹುಟ್ಟುತ್ತದೆ, ಮತ್ತೆ ಮೊದಲಿಂದ ಶುರು.

ಮೇವಿನ ತಟ್ಟೆ ಎತ್ತಿ ನೋಡಿದಾಗ ಗೊತ್ತಾಯಿತು: ಮೊದಲು ಉಳಿಯುತ್ತಿದ್ದ ಚೂರು ಈಗ ಉಳಿಯುತ್ತಿಲ್ಲ. ಉಳಿದದ್ದು ಕೊಳೆಯದಿದ್ದರೆ ತಳದ ಕೆಸರೂ ಕಡಿಮೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಒಂದು ಸಲ ಮಾತ್ರ ಜೀವ ಬಾಯಿಗೆ ಬಂದಿತ್ತು. ಮೋಡ ಕವಿದ ಸಂಜೆ, ಪೌಡರನ್ನು ಬೆಲ್ಲದಲ್ಲಿ ಹುದುಗಿಸಿದ ದ್ರವವನ್ನು ಬಕೆಟ್‌ಗಟ್ಟಲೆ ಕೊಳಕ್ಕೇ ಸುರಿದೆ. ಬೆಳಗಿನ ಜಾವ ಹೋದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೆಲ್ಲ ತಿಂದು ಹೆಚ್ಚಿದ ಬ್ಯಾಕ್ಟೀರಿಯಾಗೂ ಆಮ್ಲಜನಕ ಬೇಕು, ಅದು ತಲೆಗೇ ಹೊಳೆದಿರಲಿಲ್ಲ. ಮೋಟಾರ್ ಹಾಕಿ ಹೊಸ ನೀರು ಚಿಮ್ಮಿಸಿದೆ, ಬಿಸಿಲೇರಿದ ಮೇಲೆ ಒಂದೊಂದೇ ತಳಕ್ಕೆ ಇಳಿದವು. ಅವತ್ತಿಂದ ಮೋಡದ ದಿನ ಬಕೆಟ್ ಮುಟ್ಟುವುದಿಲ್ಲ, ಮೇವನ್ನೂ ಅರ್ಧಕ್ಕೆ ಇಳಿಸುತ್ತೇನೆ.