ಅವಿಲ್ ಬದಿಗಿಟ್ಟು ಅಡ್ರಿನಲಿನ್ ಎತ್ಕೊಂಡ ದಿನ

ಕಾಫಿ ಕೊಯ್ಲಿನ ಟೈಮು, ಆಗ ನಾನು ಮಲೆನಾಡಲ್ಲಿ ಒಂದು ಪಿಎಚ್‌ಸಿ ಡಾಕ್ಟರು. ತೋಟದಿಂದ ಜೀಪಲ್ಲಿ ಒಬ್ಬ ಹೆಂಗಸನ್ನ ಕರ್ಕೊಂಡು ಬಂದ್ರು, ಹೆಜ್ಜೇನು ಹೊಡೆದು ಇಪ್ಪತ್ತು ನಿಮಿಷ ಆಗಿತ್ತಷ್ಟೆ. ಹೊಡೆದಿದ್ದು ಮೂರೇ ಹುಳ, ಆದ್ರೆ ಮೈ ತುಂಬಾ ಪಿತ್ತದ ಗಂಧೆ, ತುಟಿ ಊದಿದೆ, ದನಿ ಗೊಗ್ಗರು, ಎರಡು ಸಲ ವಾಂತಿ, ಬಿಪಿ 80/50. ಕಚ್ಚಿದ ಜಾಗಕ್ಕೆ ಸುಣ್ಣ ಬೇರೆ ಬಳಿದಿದ್ರು.

ಸಿಸ್ಟರ್ ಅಷ್ಟೊತ್ತಿಗೆ ಅವಿಲ್ (ಅಲರ್ಜಿ ಇಂಜೆಕ್ಷನ್), ಡೆಕ್ಸಾ (ಸ್ಟಿರಾಯ್ಡ್) ಎರಡೂ ಲೋಡ್ ಮಾಡಿ ನಿಂತಿದ್ರು. ಅವರನ್ನ ಏನು ಅನ್ನೋದು, ಅದಕ್ಕೂ ಮುಂಚೆ ನಾನೂ ಅದನ್ನೇ ಮಾಡ್ತಿದ್ದೆ. ಅಲರ್ಜಿ ಅಂದ್ರೆ ಅವಿಲ್ ಅಂತ ಕೈಗೆ ರೂಢಿ ಆಗ್ಬಿಟ್ಟಿರುತ್ತೆ. ಬರೀ ತುರಿಕೆ, ಗಂಧೆ ಇದ್ರೆ ಸೆಟಿರಿಜಿನ್ 10 ಮಿಗ್ರಾಂ ಒಂದು ಮಾತ್ರೆ ಸಾಕು, ಆದ್ರೆ ಹೀಗೆ ಅಲರ್ಜಿ ಜೋರಾಗಿ (ಅನಾಫಿಲ್ಯಾಕ್ಸಿಸ್ ಅಂತಾರೆ) ಉಸಿರು ಕಟ್ತಿರೋವಾಗ, ಬಿಪಿ ಬೀಳ್ತಿರೋವಾಗ ಅವಿಲ್ ಏನೂ ಮಾಡಲ್ಲ, ಸ್ಟಿರಾಯ್ಡ್ ಕೆಲಸ ಶುರು ಮಾಡೋಕೇ ಗಂಟೆಗಟ್ಲೆ ಬೇಕು.

"ಸಿಸ್ಟರ್, ಮೊದ್ಲು ಅಡ್ರಿನಲಿನ್ ಕೊಡಿ" ಅಂದೆ. ಅವರು ನನ್ ಮುಖ ನೋಡಿದ್ರು. ಹಾರ್ಟ್ ನಿಂತೋರಿಗೆ ಕೊಡೋ ಔಷಧ ಅಂತ ಎಲ್ರಿಗೂ ಒಂದು ಹೆದ್ರಿಕೆ, ನಿಜ ಹೇಳ್ಬೇಕಂದ್ರೆ ನಂಗೂ ಎದೆ ಹೊಡ್ಕೋತಿತ್ತು. ಆದ್ರೆ ಅಲ್ಲಿ ರಕ್ತನಾಳಕ್ಕೆ ಕೊಡೋದು, ಇಲ್ಲಿ ತೊಡೆಯ ಹೊರಭಾಗದ ಮಾಂಸಕ್ಕೆ, ಅದೂ ಒಂದು ಎಂಎಲ್‌ಗೆ 1 ಮಿಗ್ರಾಂ ಇರೋ ಆಂಪ್ಯೂಲ್‌ನಲ್ಲಿ ಅರ್ಧ ಎಂಎಲ್ ಮಾತ್ರ (ಮಕ್ಕಳಿಗಾದ್ರೆ ಕೆಜಿಗೆ 0.01 ಮಿಗ್ರಾಂ ಲೆಕ್ಕ). ಕೊಟ್ಟೆ. ಕಾಲು ಎತ್ತರಿಸಿ ಮಲಗಿಸಿ, ಆಕ್ಸಿಜನ್ ಹಾಕಿ, ಸಲೈನ್ ಜೋರಾಗಿ ಬಿಟ್ವಿ. ಮಧ್ಯೆ ಆಯಮ್ಮ ಬಾತ್‌ರೂಮಿಗೆ ಹೋಗ್ತೀನಿ ಅಂತ ಏಳೋಕೆ ಹೋದ್ರು, ಗದರಿಸಿ ಮಲಗಿಸ್ದೆ, ಆ ಸ್ಥಿತೀಲಿ ಥಟ್ ಅಂತ ಎದ್ದು ನಿಂತ್ರೆ ಹೃದಯಕ್ಕೆ ವಾಪಸ್ ಬರೋ ರಕ್ತಾನೇ ಕಮ್ಮಿಯಾಗಿ ಅಲ್ಲೇ ಪ್ರಾಣ ಹೋಗಿರೋದುಂಟು. ಐದು ನಿಮಿಷಕ್ಕೂ ಬಿಪಿ 90 ದಾಟ್ಲಿಲ್ಲ, ಇನ್ನೊಂದು ಅರ್ಧ ಎಂಎಲ್ ಕೊಟ್ಟೆ. ಆಮೇಲೆ ನೋಡ್ತಾ ನೋಡ್ತಾ ದನಿ ತಿಳಿಯಾಯ್ತು, ಬಿಪಿ 110ಕ್ಕೆ ಬಂತು. ಸಿಸ್ಟರ್ ಲೋಡ್ ಮಾಡಿಟ್ಟಿದ್ದ ಅವಿಲ್ಲು, ಡೆಕ್ಸಾ ಹೋಗಿದ್ದು ಆಗ.

ಕಷ್ಟ ಆಗಿದ್ದು ಆಮೇಲೇನೇ. "ಡಾಕ್ಟ್ರೇ, ಹಾಲು ಕರೆಯೋಕೆ ಮನೇಲಿ ಯಾರೂ ಇಲ್ಲ, ಹೋಗ್ತೀನಿ" ಅಂತ ಒಂದೇ ಹಟ. ಈ ಅಲರ್ಜಿ ಇಳಿದ್ಮೇಲೆ ಹುಳ ಕಚ್ಚದೇನೇ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು ಅಂತ ಹೇಳಿ ರಾತ್ರಿ ಉಳಿಸ್ಕೊಳ್ಳೋಷ್ಟರಲ್ಲಿ ಸಾಕಾಗಿ ಹೋಯ್ತು.

ಪೆನ್ನಿನ ಥರ ಚುಚ್ಕೊಳೋ ಅಡ್ರಿನಲಿನ್ ಇಂಜೆಕ್ಷನ್ ನಮ್ ಕಡೆ ಮೆಡಿಕಲ್ ಶಾಪಲ್ಲಿ ಎಲ್ಲಿ ಸಿಗುತ್ತೆ. ಅದಕ್ಕೇ ಎರಡು ಆಂಪ್ಯೂಲ್, ಎರಡು 1 ಎಂಎಲ್ ಸಿರಿಂಜು, ಸೂಜಿ ಡಬ್ಬೀಲಿ ಹಾಕಿ, ಬಿಸಿಲು ತಾಗಿಸ್ಬೇಡಿ, ಕೊಟ್ಟ ತಕ್ಷಣ ಆಸ್ಪತ್ರೆಗೆ ಹೊರಡಿ ಅಂತ ಹೇಳಿ ಮಗನಿಗೆ ಕಲಿಸ್ದೆ. ಕಿತ್ತಳೆ ಹಣ್ಣಿನ ಮೇಲೆ ಪ್ರಾಕ್ಟೀಸು. ಮೊದಲನೇ ಸಲ ಹುಡುಗ ಪೂರ್ತಿ ಒಂದು ಎಂಎಲ್ ಎಳೆದ್ಬಿಟ್ಟ, ಆಮೇಲೆ ಎರಡೂ ಸಿರಿಂಜಿಗೆ 0.5ರ ಹತ್ರ ಕೆಂಪು ಪೆನ್ನಲ್ಲಿ ಗೆರೆ ಎಳೆದು ಕೊಟ್ಟೆ.